ಇಡುಗಂಟಿನ ಧರ್ಮ

ಹೊನ್ನಾಳಿ ಸೀಮೆಯ ಹಳೆಯ ಮನೆಗಳ ಅಟ್ಟದ ಪೆಟ್ಟಿಗೆಯಲ್ಲಿ ಹುಡುಕಿದರೆ ಒಂದಾದರೂ ಪಾಲುಪಟ್ಟಿ ಸಿಗುತ್ತದೆ. ಛಾಪಾ ಕಾಗದ, ಮಾಸಿದ ಶಾಯಿ, ಅಣ್ಣತಮ್ಮಂದಿರ ಸಹಿ, ಓದು ಬಾರದವರ ಹೆಬ್ಬೆಟ್ಟು, ಪಂಚರ ಹೆಸರು. ಯಾವ ಹೊಲ ಯಾರಿಗೆ, ಬಾವಿಯ ನೀರಿನ ಸರದಿ ಹೇಗೆ, ಗಂಡ ಸತ್ತ ಅತ್ತಿಗೆಗೆ ವರ್ಷಕ್ಕೆ ಎಷ್ಟು ಚೀಲ ಜೋಳ ಅಳೆದು ಕೊಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಕೂಡಿಸಿ ಬರೆದ ಆ ಕೈಬರಹ ಇಂದಿನ ಹುಡುಗರಿಗೆ ಓದಲು ಬರುವುದಿಲ್ಲ. ಮೊಮ್ಮಗ ಮೊಬೈಲಿನಲ್ಲಿ ಫೋಟೊ ಹೊಡೆದು ಚಾಟ್‌ಜಿಪಿಟಿಗೋ ಜೆಮಿನಿಗೋ ಅಪ್‌ಲೋಡ್ ಮಾಡಿ, ಇದರಲ್ಲಿ ಏನಿದೆ ಎಂದು ಸರಳ ಕನ್ನಡದಲ್ಲಿ ಹೇಳು ಎನ್ನುತ್ತಾನೆ. ಉತ್ತರ ಬರಲು ಒಂದು ನಿಮಿಷವೂ ಬೇಡ.

ಚನ್ನಗಿರಿಯಲ್ಲಿ ಆ ಕಡತ ಅಡಿಕೆ ತೋಟದ ಮಣ್ಣು ಪರೀಕ್ಷೆಯ ವರದಿಯಾಗಿರಬಹುದು, ಜಗಳೂರಿನಲ್ಲಿ ಬೆಳೆ ವಿಮೆಯ ಪತ್ರ, ನ್ಯಾಮತಿಯಲ್ಲಿ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು ಅಥವಾ ಮಗಳ ಜಾತಕ. ಆಸ್ಪತ್ರೆಯ ಇಂಗ್ಲಿಷ್, ಕೋರ್ಟಿನ ಇಂಗ್ಲಿಷ್, ಬ್ಯಾಂಕಿನ ಇಂಗ್ಲಿಷ್ ಮುಂದೆ ತಲೆ ತಗ್ಗಿಸಿ ನಿಂತು ಸಾಕಾದ ಮನೆಗೆ ಇದು ದೊಡ್ಡ ನೆಮ್ಮದಿ. ಮಧ್ಯವರ್ತಿಯ ಕೈಕಾಲು ಹಿಡಿಯುವುದು ತಪ್ಪುತ್ತದೆ. ಅದನ್ನು ಹಗುರವಾಗಿ ಕಾಣಬಾರದು.

ಆದರೆ ಆ ಒಂದು ನಿಮಿಷದಲ್ಲಿ ಕೊಟ್ಟದ್ದು ಏನು? ದಾನವೇ, ಕಾಪಾಡಿ ಹಿಂದಿರುಗಿಸಲೆಂದು ಇಟ್ಟ ಇಡುಗಂಟೇ? ಪಾಲುಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತಿದವರು ಆರೇಳು ಮಂದಿ, ಅಪ್‌ಲೋಡ್ ಮಾಡಿದ ಬೆರಳು ಒಂದೇ. ಹಾಗೆ ಒಪ್ಪಿಸುವ ಅಧಿಕಾರ ಆ ಒಬ್ಬನಿಗೆ ಬಂದದ್ದು ಎಲ್ಲಿಂದ? ತಂತ್ರಜ್ಞರು ಇದನ್ನು ಸುರಕ್ಷತೆಯ ಪ್ರಶ್ನೆ ಎನ್ನುತ್ತಾರೆ. ಇದು ಅದಕ್ಕಿಂತ ಹಳೆಯ ಪ್ರಶ್ನೆ. ಕನ್ನಡ ನಾಡಿನಲ್ಲೇ ಸುಮಾರು ಒಂಬತ್ತು ಶತಮಾನಗಳ ಹಿಂದೆ ಒಬ್ಬ ಪಂಡಿತ ಇದರ ಮೇಲೆ ಕೂತು ಯೋಚಿಸಿದ್ದ.

ಆತನ ಹೆಸರು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಆ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಮುಗಳ ಕಡೆ ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬ ಕಾನೂನಿಗೆ ತಳಪಾಯವಾದದ್ದು ಆ ಗ್ರಂಥವೇ. ಹೊನ್ನಾಳಿಯ ಆ ಪಾಲುಪಟ್ಟಿಯ ಹಿಂದಿನ ನ್ಯಾಯವೂ ಅಲ್ಲಿಂದಲೇ ಹರಿದು ಬಂದದ್ದು.

ಸ್ಮೃತಿಗಳು ಜಾತಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ ಹೇಳಿದ ಗ್ರಂಥಗಳು. ಆ ಭಾಗವನ್ನು ಈ ನಾಡಿನ ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು, ಅದನ್ನು ಮತ್ತೆ ಎತ್ತಿ ತರುವ ಅಗತ್ಯವಿಲ್ಲ. ಆದರೆ ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವನು ಹೇಗಿರಬೇಕು ಎಂಬ ವಿಚಾರದಲ್ಲಿ ಯಾಜ್ಞವಲ್ಕ್ಯ ಸ್ಮೃತಿ ಮಾಡಿದಷ್ಟು ಸೂಕ್ಷ್ಮ ವಿಂಗಡಣೆ ಅಪರೂಪ. ಎಣಿಸಿ, ತೋರಿಸಿ ಕೊಟ್ಟದ್ದು ಒಂದು ಬಗೆ. ಪೆಟ್ಟಿಗೆಯಲ್ಲೋ ಚೀಲದಲ್ಲೋ ಮುಚ್ಚಿ, ಒಳಗೇನಿದೆ ಎಂದು ಹೇಳದೆ ನಂಬಿಕೆಯ ಮೇಲೆ ಒಪ್ಪಿಸಿದ್ದು ಇನ್ನೊಂದು ಬಗೆ. ಇದನ್ನು ಉಪನಿಧಿ ಎಂದು ಕರೆದು ಅದಕ್ಕೆ ಬೇರೆಯೇ ಪ್ರಕರಣ ಮೀಸಲಿಟ್ಟಿದ್ದಾರೆ. ಇಟ್ಟುಕೊಂಡವನು ಅದನ್ನು ಇಟ್ಟಂತೆಯೇ ಹಿಂದಿರುಗಿಸಬೇಕು. ರಾಜ ಕಿತ್ತುಕೊಂಡರೆ, ದೈವದ ಪೆಟ್ಟಿನಿಂದ ನಾಶವಾದರೆ, ಕಳ್ಳರು ಒಯ್ದರೆ ಅವನ ಮೇಲೆ ತಪ್ಪಿಲ್ಲ. ಆದರೆ ಒಡೆಯನನ್ನು ಕೇಳದೆ ಆ ವಸ್ತುವಿನಿಂದ ತನ್ನ ಜೀವನ ನಡೆಸಿದರೆ ಅವನಿಗೆ ದಂಡ ಬೀಳುತ್ತದೆ, ವಸ್ತುವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ.

ಈ ಕಡೆಯ ನಿಯಮವನ್ನು ಇಂದಿನ ಎಐ ಸೇವೆಗಳ ಪಕ್ಕದಲ್ಲಿಟ್ಟು ನೋಡಬೇಕು.

ಕಡತ ಅಪ್‌ಲೋಡ್ ಆದಾಗ ಅದರ ಪ್ರತಿ ಮೊದಲು ಕಂಪನಿಯ ಸರ್ವರಿನಲ್ಲಿ ಕೂರುತ್ತದೆ. ಚಿತ್ರದಿಂದ ಅಕ್ಷರ ಬಿಡಿಸಿ, ತುಂಡು ತುಂಡು ಮಾಡಿ, ಯಂತ್ರ ಅದನ್ನು ಓದಿ ಉತ್ತರಿಸುತ್ತದೆ. ಇಲ್ಲಿಗೆ ನಿಂತರೆ ಅದು ಬರೀ ಇಡುಗಂಟು. ಬಳಕೆದಾರ ಅಳಿಸಿದರೆ ಒಂದು ಅವಧಿಯೊಳಗೆ ಅಳಿಯುತ್ತದೆ. ಎರಡನೆಯ ಹೆಜ್ಜೆ ಬೇರೆ. ಸಾಮಾನ್ಯ ಬಳಕೆದಾರರ ಮಾತುಕತೆಯನ್ನು, ಅದರೊಂದಿಗೆ ಬಂದ ಕಡತವನ್ನು, ಮುಂದಿನ ಮಾದರಿಯ ತರಬೇತಿಗೆ ಬಳಸಬಹುದು ಎಂದು ಹಲವು ಕಂಪನಿಗಳ ಷರತ್ತಿನಲ್ಲಿದೆ. ಚಾಟ್‌ಜಿಪಿಟಿಯಲ್ಲಿ ಬೇಡವೆನ್ನುವವರು ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಬೇಕು. ಕ್ಲಾಡ್ ಸೇವೆಯ ಆಂತ್ರೊಪಿಕ್ ಕಂಪನಿ 2025ರ ಆಗಸ್ಟ್‌ನಲ್ಲಿ ನಿಯಮ ಬದಲಿಸಿ, ತರಬೇತಿಗೆ ಒಪ್ಪಿದವರ ಮಾಹಿತಿಯನ್ನು 5 ವರ್ಷ, ಒಪ್ಪದವರದನ್ನು 30 ದಿನ ಇಟ್ಟುಕೊಳ್ಳುವುದಾಗಿ ಹೇಳಿತು. ಜೆಮಿನಿಯಲ್ಲಿ ಗುಣಮಟ್ಟ ನೋಡಲು ಮನುಷ್ಯರೇ ಓದಿದ ಮಾತುಕತೆಗಳು 3 ವರ್ಷದವರೆಗೂ ಉಳಿಯಬಹುದು. ದುಡ್ಡು ಕೊಟ್ಟು ಒಪ್ಪಂದ ಮಾಡಿಕೊಂಡ ದೊಡ್ಡ ಸಂಸ್ಥೆಗಳ ಕಡತಗಳನ್ನು ಮಾತ್ರ ಸಾಮಾನ್ಯವಾಗಿ ತರಬೇತಿಗೆ ಮುಟ್ಟುವುದಿಲ್ಲ. ಬೆಂಗಳೂರಿನ ಕಂಪನಿಯ ಲೆಕ್ಕಪತ್ರಕ್ಕೆ ಹುಟ್ಟಿನಿಂದಲೇ ಸಿಗುವ ಕಾವಲು ಹೊನ್ನಾಳಿಯ ಪಾಲುಪಟ್ಟಿಗೆ ಕೇಳಿದರೆ ಮಾತ್ರ ಸಿಗುತ್ತದೆ. ಇದು ನ್ಯಾಯವಲ್ಲ ಎಂದು ಬಾಯಿಬಿಟ್ಟು ಹೇಳಲೇಬೇಕು.

ತರಬೇತಿಗೆ ಹೋದ ಕಡತದ ಗತಿಯೇನು? ಅದು ಕಪಾಟಿನಲ್ಲಿಟ್ಟ ಕಾಗದದ ಹಾಗೆ ಉಳಿಯುವುದಿಲ್ಲ. ಕೋಟ್ಯಂತರ ಸಂಖ್ಯೆಗಳಲ್ಲಿ ಒಂದಿಷ್ಟು ಅತ್ತಿತ್ತ ಸರಿಯುತ್ತವೆ, ಅಷ್ಟೆ. ಹಾಗೆ ಕಲಿತದ್ದರಲ್ಲಿ ಇಂಥ ಮನೆಯ ಇಂಥ ಪತ್ರದ ಭಾಗವನ್ನಷ್ಟೇ ಹಿಂದೆ ತೆಗೆಯುವ ವಿಶ್ವಾಸಾರ್ಹ ದಾರಿ ಇನ್ನೂ ಇಲ್ಲ. ಅಂದರೆ ಇಟ್ಟಂತೆಯೇ ಹಿಂದಿರುಗಿಸು ಎಂಬ ಮೊದಲ ನಿಯಮವೇ ಇಲ್ಲಿ ಮುರಿದುಬೀಳುತ್ತದೆ.

ರಾಜ ಕಿತ್ತುಕೊಂಡರೆ ಎಂಬ ಮಾತಿಗೂ ಈಗ ಜೀವ ಬಂದಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೂಡಿದ ದಾವೆಯಲ್ಲಿ ಅಮೆರಿಕದ ನ್ಯಾಯಾಲಯವೊಂದು 2025ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿಗೆ, ಬಳಕೆದಾರರು ಅಳಿಸಿದ ಮಾತುಕತೆಗಳ ದಾಖಲೆಯನ್ನೂ ಕಾದಿಡುವಂತೆ ಆದೇಶಿಸಿತು. ಕೆಲವು ತಿಂಗಳು ಆ ಆದೇಶ ಜಾರಿಯಲ್ಲಿತ್ತು. ಅಳಿಸಿದ್ದೇನೆಂದು ನಿಶ್ಚಿಂತೆಯಿಂದಿದ್ದ ಲಕ್ಷಾಂತರ ಜನರ ಕಾಗದ, ಅವರು ಹೆಸರೂ ಕೇಳದ ಒಂದು ದಾವೆಗಾಗಿ ಉಳಿದುಕೊಂಡಿತು. ಕಂಪನಿ ಅದನ್ನು ವಿರೋಧಿಸಿ ವಾದಿಸಿತು ಎಂಬುದೂ ನಿಜ. ಯಾಜ್ಞವಲ್ಕ್ಯ ಸ್ಮೃತಿಯ ಲೆಕ್ಕದಲ್ಲಿ ಇಟ್ಟುಕೊಂಡವನ ತಪ್ಪಿಲ್ಲ. ಆದರೆ ಇಟ್ಟವನ ಮನೆ ಮಾತು ಹೊರಗೆ ಉಳಿದದ್ದು ಉಳಿಯಿತು.

ಚನ್ನಗಿರಿಯ ಅಡಿಕೆ ಬೆಳೆಗಾರ ರಾಶಿ ಅಡಿಕೆಯ ಚೀಲಗಳನ್ನು ಸಹಕಾರ ಸಂಘದ ಗೋದಾಮಿಗೆ ಹಾಕಿ ಚೀಟಿ ಪಡೆಯುತ್ತಾನೆ. ಒಂದು ಚೀಲ ಕಡಿಮೆಯಾದರೆ ಕಣ್ಣಿಗೆ ಬೀಳುತ್ತದೆ, ಜಗಳವಾಗುತ್ತದೆ, ತೀರ್ಮಾನವೂ ಆಗುತ್ತದೆ. ಕಡತದಲ್ಲಿ ಅಂಥ ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ. ಅಪ್‌ಲೋಡ್ ಮಾಡಿದ ಮೇಲೂ ಫೋಟೊ ಮೊಬೈಲಿನಲ್ಲೇ ಇದೆ, ಪಾಲುಪಟ್ಟಿ ಪೆಟ್ಟಿಗೆಯಲ್ಲೇ ಇದೆ. ಏನೂ ಹೋಗಲಿಲ್ಲವಲ್ಲ ಎಂಬ ಸಮಾಧಾನ ಸುಲಭವಾಗಿ ಬರುತ್ತದೆ. ಈ ಸಮಾಧಾನಕ್ಕೆ ಉತ್ತರ ಕೊಡುವುದು ಜೈನ ದರ್ಶನ. ತತ್ತ್ವಾರ್ಥಸೂತ್ರ ಕಳ್ಳತನವನ್ನು ವಿವರಿಸುವಾಗ ಕಳೆದುಕೊಂಡವನ ನಷ್ಟವನ್ನು ಅಳೆಯಲು ಹೋಗುವುದೇ ಇಲ್ಲ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದೇ ಕಳ್ಳತನ ಎನ್ನುತ್ತದೆ. ಗೃಹಸ್ಥರ ಅಣುವ್ರತಗಳಲ್ಲಿ ಅದನ್ನು ಮಾಡದಿರುವುದೂ ಒಂದು. ತೂಕದಲ್ಲಿ ಎಷ್ಟು ಕಡಿಮೆಯಾಯಿತು ಎಂದು ಕೇಳದೆ, ಕೊಡುವ ಮನಸ್ಸು ಇತ್ತೇ ಎಂದು ಕೇಳುವ ಈ ದೃಷ್ಟಿ ನಕಲಿಗೂ ಹೊಂದುತ್ತದೆ. ನಕಲಿನ ಕಾಲಕ್ಕೆ ಇದರಷ್ಟು ಸರಿಯಾದ ಅಳತೆ ಇನ್ನೊಂದು ಸಿಗದು.

ಮುಸ್ಲಿಮರು ಅಮಾನತ್ ಎಂದು ಕರೆಯುವ ಧರ್ಮವೂ ಇದೇ ಹಾದಿಯದು. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದರು ಮಕ್ಕಾ ಬಿಟ್ಟು ಹೊರಟಾಗ ಅಲಿಯವರನ್ನು ಹಿಂದೆ ಬಿಟ್ಟರೆಂದು ಸಂಪ್ರದಾಯ ಹೇಳುತ್ತದೆ. ಊರಿನವರು ನಂಬಿ ಇಟ್ಟಿದ್ದ ಒಡವೆ ವಸ್ತುಗಳನ್ನು ಅವರವರಿಗೆ ತಲುಪಿಸುವ ಹೊಣೆ ಅಲಿಯವರದಾಗಿತ್ತು. ಅದೇ ಊರು ಪ್ರಾಣಕ್ಕೆ ಸಂಚು ಹೂಡಿದ ಹೊತ್ತು ಅದು. ಹಗೆಯ ನಡುವೆಯೂ ಕಾಪಾಡುವ ಹೊಣೆ ಕಳಚಲಿಲ್ಲ. ಷರತ್ತುಗಳನ್ನು ಮತ್ತೆ ಮತ್ತೆ ತಿದ್ದಿ, ಒಪ್ಪಿದ್ದೇನೆ ಎಂಬ ಗುಂಡಿಯ ಹಿಂದೆ ನಿಲ್ಲುವವರು ಈ ಅಳತೆಗೆ ಬಹಳ ದೂರದಲ್ಲಿದ್ದಾರೆ.

ಈಗ ಆ ಮೊಮ್ಮಗನ ಕಡೆಗೆ ಬರೋಣ. ಎಲ್ಲ ತಪ್ಪನ್ನೂ ಕಂಪನಿಯ ತಲೆಗೆ ಕಟ್ಟುವುದು ಸುಲಭ, ಆದರೆ ಮೊದಲ ಕೈ ಅವನದು. ಆ ಕೈಯನ್ನು ಕಾನೂನು ತಡೆಯುತ್ತದೆಯೇ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಾದಿಯಲ್ಲೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಹೊರಬಿದ್ದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಒಪ್ಪಿಗೆ ಪಡೆಯಬೇಕು, ಕೇಳಿದರೆ ಅಳಿಸಬೇಕು, 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎಂಬುದೆಲ್ಲ ಅದರಲ್ಲಿದೆ. ಜೊತೆಗೆ ಒಂದು ವಿನಾಯಿತಿಯೂ ಇದೆ. ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕಾಗಿ ಮಾಹಿತಿ ಬಳಸಿದರೆ ಆ ಕಾಯ್ದೆ ಅವನಿಗೆ ಅನ್ವಯಿಸುವುದಿಲ್ಲ. ಇದು ಸರಿಯೇ, ಮನೆಮನೆಗೆ ಪೊಲೀಸರನ್ನು ನಿಲ್ಲಿಸಲಾಗದು. ಆದರೆ ದೊಡ್ಡಪ್ಪನ ಸಾಲದ ಪತ್ರ, ಅಕ್ಕನ ಗರ್ಭದ ಸ್ಕ್ಯಾನಿಂಗ್, ನಿಶ್ಚಯವಾಗದೆ ಮುರಿದ ಸಂಬಂಧದ ಹುಡುಗಿಯ ಜಾತಕ ಇವನ್ನು ಮನೆಯವನೇ ಯಂತ್ರಕ್ಕೆ ಒಪ್ಪಿಸುವಾಗ ಅವನ ಕೈ ಹಿಡಿಯಲು ಕಾನೂನು ಇಲ್ಲ. ಅಲ್ಲಿ ಇರುವುದು ಧರ್ಮ ಮಾತ್ರ.

ಮಿತಾಕ್ಷರಾ ಇಲ್ಲೂ ಮಾತಾಡುತ್ತದೆ, ಅದೂ ತನ್ನ ಅತಿ ಪ್ರಸಿದ್ಧ ತತ್ತ್ವದ ಮೂಲಕ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಯಜಮಾನ ಒಬ್ಬನೇ ತನಗೆ ತೋಚಿದಂತೆ ಪರಭಾರೆ ಮಾಡಲಾರ. ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆ 2005ರಲ್ಲಿ. ಇನ್ನು ದಾನದ ವಿಚಾರದಲ್ಲಿ ಯಾಜ್ಞವಲ್ಕ್ಯ ಸ್ಮೃತಿ ಹೇಳುವುದು ಇಷ್ಟು: ಕುಟುಂಬಕ್ಕೆ ತೊಂದರೆಯಾಗದಂತೆ ತನ್ನದನ್ನು ಕೊಡಬಹುದು, ಹೆಂಡತಿ ಮಕ್ಕಳನ್ನು ಮಾತ್ರ ಕೊಡುವಂತಿಲ್ಲ. ಹಲವರಿಗೆ ಸೇರಿದ ಸ್ವತ್ತು, ಬೇರೆಯವರು ನಂಬಿ ಇಟ್ಟದ್ದು ಕೂಡ ನಾರದ ಸ್ಮೃತಿಯ ಕೊಡಬಾರದವುಗಳ ಪಟ್ಟಿಯಲ್ಲಿವೆ. ಹೊಲ ಗದ್ದೆಗೆ ಬರೆದ ಈ ಮಾತನ್ನು ಮನೆಯ ಕಡತಕ್ಕೂ ಒಯ್ಯಬೇಕು ಎಂಬುದು ಈ ಲೇಖನದ ವಾದ. ಪಾಲುಪಟ್ಟಿಯ ಜಮೀನು ಹಂಚಿಹೋಗಿರಬಹುದು. ಪಾಲುಪಟ್ಟಿಯೊಳಗಿನ ಸುದ್ದಿ ಮಾತ್ರ ಎಂದೂ ಪಾಲಾಗದ ಅವಿಭಕ್ತ ಸ್ವತ್ತು. ಅದರಲ್ಲಿ ಅತ್ತಿಗೆಯ ಜೋಳವೂ ಇದೆ, ಜೋಳ ಕೇಳಬೇಕಾಗಿ ಬಂದ ಅವಳ ನೋವೂ ಇದೆ. ಅವಳ ಪಾಲನ್ನು ಮೊಮ್ಮಗ ಒಬ್ಬನೇ ಕೊಡಲಾರ.

ಮನೆಯ ಸುದ್ದಿಯನ್ನು ಹೊರಗಿನವರು ಇಟ್ಟುಕೊಳ್ಳುವುದು ಈ ನಾಡಿಗೆ ಹೊಸದಲ್ಲ. ಹೆಳವರು ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾದವರು. ಕೆಲವು ವರ್ಷಕ್ಕೊಮ್ಮೆ ಎತ್ತಿನ ಸಮೇತ ಬಂದು, ಮನೆಯವರ ಎದುರು ಪೂರ್ವಿಕರ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುತ್ತಾರೆ. ಇಟ್ಟುಕೊಂಡವನು ಯಾರು, ಏನು ಇಟ್ಟುಕೊಂಡಿದ್ದಾನೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ತಪ್ಪಾಗಿದ್ದರೆ ಅಜ್ಜಿಯೇ ತಿದ್ದುತ್ತಾಳೆ. ಸರ್ವರು ಹೊಸ್ತಿಲಿಗೆ ಬಂದು ಓದಿ ಹೇಳುವುದಿಲ್ಲ.

ಹಾಗೆಂದು ಏನನ್ನೂ ಕೊಡಬೇಡಿ ಎನ್ನಲು ಸಾಧ್ಯವೇ? ಈ ಪ್ರಶ್ನೆ ಎದುರಾದಾಗ ಕನ್ನಡಿಗರಿಗೆ ಫ.ಗು. ಹಳಕಟ್ಟಿಯವರು ನೆನಪಾಗಲೇಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಅವರು ವಚನಗಳ ತಾಳೆಗರಿ ಹುಡುಕುತ್ತ ಮನೆ, ಮಠಗಳನ್ನು ಅಲೆದರು. ಕಟ್ಟನ್ನು ದೇವರ ಜಗಲಿಯಲ್ಲಿಟ್ಟು ಪೂಜಿಸುತ್ತಿದ್ದ ಮನೆಗಳಿದ್ದವು. ಬಿಚ್ಚದೆ ಇದ್ದ ಗರಿ ಹುಳುವಿಗೆ ಆಹಾರವಾಗುತ್ತಿತ್ತು. ಕೊಟ್ಟವರು ಇದ್ದದ್ದರಿಂದ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. 1993ರಲ್ಲಿ ಸರ್ಕಾರವೇ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ತಂದಿತು. ಜಗಳೂರು, ಚನ್ನಗಿರಿಗಳ ಅಸಂಖ್ಯ ಭಕ್ತರು ನಡೆದುಕೊಳ್ಳುವ ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ವ್ಯಾಕರಣಕ್ಕೆ ಗಣಕಾಷ್ಟಾಧ್ಯಾಯಿ ಎಂಬ ತಂತ್ರಾಂಶ ಮಾಡಿದವರು. ವಚನಗಳನ್ನು ಮೊಬೈಲಿನಲ್ಲೇ ಹುಡುಕಿ ಓದುವಂತೆ ಮಾಡಿದ್ದೂ ಅವರ ಮಠವೇ. ಇಂದು ಯಾವ ಎಐ ಸೇವೆಯನ್ನು ಕೇಳಿದರೂ ಬಸವಣ್ಣ, ಅಕ್ಕಮಹಾದೇವಿಯರ ಬಗ್ಗೆ ನಾಲ್ಕು ಮಾತಾಡುತ್ತದೆ. ಅದರ ಹಿಂದೆ ಹಳಕಟ್ಟಿಯವರ ಸವೆದ ಚಪ್ಪಲಿ ಇದೆ.

ಇಲ್ಲಿ ಕೊಟ್ಟದ್ದು ಪುಣ್ಯ, ಅಲ್ಲಿ ಕೊಟ್ಟದ್ದು ತಪ್ಪು ಎಂದರೆ ಗೆರೆ ಎಲ್ಲಿ? ವಚನಕಾರರು ಊರು ಕೇಳಲೆಂದೇ ಆಡಿದರು, ತಮ್ಮ ಅಂಕಿತ ಒತ್ತಿ ಆಡಿದರು. ಮುಚ್ಚಿಟ್ಟವರು ಅವರಲ್ಲ, ಆಮೇಲೆ ಬಂದವರು. ಹಳಕಟ್ಟಿಯವರು ಬೀಗ ತೆಗೆದದ್ದು ಆಡಿದವರ ಇಚ್ಛೆಯನ್ನು ನಡೆಸಿದಂತೆ. ಹೆಬ್ಬೆಟ್ಟು ಒತ್ತಿದ ಅತ್ತಿಗೆ ಪಂಚರ ಎದುರು ಒತ್ತಿದವಳು, ಲೋಕದ ಎದುರು ಅಲ್ಲ.

ಈ ಗೆರೆ ಕಷ್ಟವಾಗುವ ಜಾಗ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ ಸ್ಥಳವೆಂದು ಭಕ್ತರು ನಂಬುವ ಕ್ಷೇತ್ರ. ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿದವರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಬಂಜಾರರ ಭಾಷೆ ಗೋರ್‌ಬೋಲಿಗೆ ತನ್ನದೇ ಲಿಪಿಯಿಲ್ಲ, ಅದರ ಭಂಡಾರವಿರುವುದು ಅಜ್ಜಿಯಂದಿರ ಕೊರಳಿನಲ್ಲಿ. ಕಲಿಯಲು ಬರಹವೇ ಸಿಗದ ಇಂಥ ಭಾಷೆಗಳ ದನಿಗೆ ಎಐ ಕಟ್ಟುವವರು ಹಸಿದಿದ್ದಾರೆ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ಜನರಿಂದ ದನಿ, ಅನುವಾದ ಸಂಗ್ರಹಿಸುವ ಕೆಲಸಕ್ಕೆ ಭಾಷಾದಾನ ಎಂದೇ ಹೆಸರಿಟ್ಟಿತು. ದಾನ ಎಂದು ಮೊದಲೇ ಹೇಳಿ ಕೇಳುವುದು ನೇರವಾದ ನಡೆ. ಕೊಡುವವನಿಗೆ ತಾನು ಕೊಡುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಆದರೆ ತಾಂಡಾದ ಹುಡುಗಿ ಅಜ್ಜಿಯ ಸಾವಿನ ಹಾಡನ್ನೋ ಮದುವೆಯ ಅಳುಹಾಡನ್ನೋ ರೆಕಾರ್ಡ್ ಮಾಡಿ ಯಂತ್ರಕ್ಕೆ ಹಾಕಿದಾಗ ದಾನಿ ಯಾರು? ಹುಡುಗಿಯೇ, ಅಜ್ಜಿಯೇ, ತಾಂಡಾವೇ? ಹಾಡು ಉಳಿಯಲಿ ಎಂಬ ಆಸೆ ನಿಜ, ಅದು ಒಳ್ಳೆಯ ಆಸೆ. ಆದರೆ ತಾಂಡಾದ ನಾಯಕ ಮತ್ತು ಹಿರಿಯರು ಕೂತು ಇದು ಎಲ್ಲರಿಗೆ, ಇದು ನಮ್ಮೊಳಗೆ ಎಂದು ಬೇರ್ಪಡಿಸುವ ಕೆಲಸ ಮೊದಲು ಆಗಬೇಕು. ಯಾವ ಹಾಡು ಯಾವ ಹೊತ್ತಿನದು ಎಂಬುದು ಅವರಿಗಲ್ಲದೆ ಬೇರೆಯವರಿಗೆ ಗೊತ್ತಿಲ್ಲ.

ಕೊಡುವಾಗಲೇ ಷರತ್ತು ಹಾಕಿ ಕೊಟ್ಟ ಕಥೆಯೊಂದು ಚನ್ನಗಿರಿ ತಾಲ್ಲೂಕಿನಲ್ಲಿದೆ. ರಾಜಕುಮಾರಿ ಶಾಂತವ್ವ ಪ್ರಾಯಶ್ಚಿತ್ತಕ್ಕಾಗಿ ಕೆರೆ ಕಟ್ಟಿಸಲು ಹೊರಟಾಗ ಬೇಕಾದ ಜಾಗ ವೇಶ್ಯೆಯರದಾಗಿತ್ತು. ಕೆರೆಗೆ ನಮ್ಮ ಹೆಸರು ಇಡುವುದಾದರೆ ಕೊಡುತ್ತೇವೆ ಎಂದರು ಅವರು. ಆಕೆ ಒಪ್ಪಿದಳು. ಮುಂದೆ ಶಾಂತಿಸಾಗರ ಎಂಬ ಮಡಿ ಹೆಸರು ಬಂದರೂ ಸುತ್ತಲಿನ ಹಳ್ಳಿಗರ ಬಾಯಲ್ಲಿ ಅದು ಇಂದಿಗೂ ಸೂಳೆಕೆರೆ. ಇದು ಐತಿಹ್ಯ, ಶಾಸನವಲ್ಲ. ಆದರೂ ಸಮಾಜದ ಅಂಚಿನಲ್ಲಿದ್ದ ಹೆಂಗಸರು ಅರಮನೆಯ ಎದುರು ನಿಂತು, ಇದು ನಮ್ಮದು, ಕೊಡುವುದಾದರೆ ಹೀಗೆ ಕೊಡುತ್ತೇವೆ ಎಂದರು ಎಂಬುದನ್ನು ಈ ಸೀಮೆ ನೆನಪಿಟ್ಟುಕೊಂಡಿದೆ. ಅಪ್‌ಲೋಡ್ ಮಾಡುವವರಿಗೆ ಆ ಧೈರ್ಯ ಬೇಕು. ಈಗ ಷರತ್ತು ಬರೆಯುವವರು ಪಡೆಯುವವರೇ. ಕೊಡುವವರು ಬರೀ ಒಪ್ಪುವವರು.

ಮಾಡಬಹುದಾದದ್ದು ಇಲ್ಲದೆ ಇಲ್ಲ. ಪಾಲುಪಟ್ಟಿ ಓದಿಸಲೇಬೇಕಾದರೆ ಹೆಸರು, ಸರ್ವೆ ನಂಬರು, ಹೆಬ್ಬೆಟ್ಟು ಮುಚ್ಚಿ ಫೋಟೊ ತೆಗೆಯಬಹುದು. ಕಾಗದದ ಅರ್ಥಕ್ಕೆ ಅವು ಬೇಕಾಗುವುದಿಲ್ಲ. ತರಬೇತಿಗೆ ಬೇಡ ಎಂಬ ಆಯ್ಕೆಯನ್ನು ಮೊದಲ ದಿನವೇ ಒತ್ತಬೇಕು. ಮನೆಯಲ್ಲಿ ಬದುಕಿರುವವರ ಸುದ್ದಿಯಿದ್ದರೆ ಅವರನ್ನು ಒಂದು ಮಾತು ಕೇಳಬೇಕು. ಕೇಳಲು ನಾಚಿಕೆಯಾಗುವ ಕಡತವನ್ನು ಅಪ್‌ಲೋಡ್ ಮಾಡಲೇಬಾರದು. ದಾಸೋಹದ ಪಟ್ಟಿ, ಸಾಮೂಹಿಕ ಮದುವೆಯ ರಿಜಿಸ್ಟರು, ಹಾಸ್ಟೆಲ್ ಮಕ್ಕಳ ವಿವರ ಇಟ್ಟುಕೊಂಡಿರುವ ಮಠ, ಮಸೀದಿ, ದೇವಸ್ಥಾನ ಸಮಿತಿಗಳ ಹೊಣೆ ಇನ್ನೂ ದೊಡ್ಡದು. ಅವು ತಾವೇ ಇಡುಗಂಟು ಕಾಯುವವರು. ಕಾಯಲು ಬಂದದ್ದನ್ನು ಇನ್ನೊಬ್ಬರ ಕೈಗೆ ದಾಟಿಸುವ ಹಕ್ಕು ಅವಕ್ಕಿಲ್ಲ. ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬೇಡಿ ಎಂದು ತನ್ನ ನೌಕರರಿಗೆ ಸೂಚಿಸಿತು. ಕೇರಳ ಹೈಕೋರ್ಟ್ ಅದೇ ವರ್ಷ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಇದೇ ಎಚ್ಚರ ಹೇಳಿತು. ಸರ್ಕಾರ, ನ್ಯಾಯಾಲಯಗಳು ತಮ್ಮ ಕಡತಕ್ಕೆ ತೋರಿಸುವ ಕಾಳಜಿಗೆ ಭಕ್ತರ ಕಡತವೂ ಅರ್ಹ.

ಉಳಿಯುವುದು ಸತ್ತವರ ಪ್ರಶ್ನೆ. ಪಾಲುಪಟ್ಟಿಯ ಅತ್ತಿಗೆ ಈಗ ಇಲ್ಲ, ಅವಳನ್ನು ಕೇಳಲಾಗದು. ಹೊಸ ಕಾಯ್ದೆಯಲ್ಲಿ, ತಾನು ಸತ್ತ ಮೇಲೆ ತನ್ನ ಮಾಹಿತಿಯ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವಿದೆ. ಆದರೆ ಅದು ಇಂದು ಬದುಕಿರುವವರಿಗೆ ಮಾತ್ರ ಉಪಯೋಗಕ್ಕೆ ಬರುವ ಏರ್ಪಾಡು. ಇಟ್ಟವನು ಸತ್ತ ಮೇಲೆ ಇಡುಗಂಟನ್ನು ಅವನ ಹತ್ತಿರದ ಬಂಧುವಿಗೆ ತಾನಾಗಿಯೇ ಕೊಟ್ಟವನ ಮೇಲೆ ತಪ್ಪು ಹೊರಿಸಬಾರದೆಂದು ಮನುಸ್ಮೃತಿ ಹೇಳುತ್ತದೆ. ಹಾಗಾದರೆ ಅವಳ ಪರವಾಗಿ ಹೌದು, ಬೇಡ ಎನ್ನಬೇಕಾದವರು ಅವಳ ಮಕ್ಕಳು, ಮೊಮ್ಮಕ್ಕಳು. ಒಬ್ಬರಲ್ಲ, ಅಷ್ಟೂ ಮಂದಿ. ಬೆಂಗಳೂರಿನಲ್ಲಿರುವವರು, ದಾವಣಗೆರೆಯಲ್ಲಿರುವವರು, ಊರಲ್ಲೇ ಉಳಿದವರು, ಮಾತು ಬಿಟ್ಟವರು ಕೂಡ. ಪಾಲುಪಟ್ಟಿ ಬರೆಸಿದ ದಿನ ಅವರ ಹಿರಿಯರೆಲ್ಲ ಒಂದೇ ಕಟ್ಟೆಯ ಮೇಲೆ ಕೂತಿದ್ದರು. ಅದನ್ನು ಯಂತ್ರಕ್ಕೆ ಓದಿಸುವ ಮುನ್ನ ಇವರೂ ಒಂದು ಫೋನ್ ಕರೆಯಲ್ಲಾದರೂ ಕೂಡಿ ಮಾತಾಡಬೇಕು.